‘ಇಷ್ಟ ದಿನಾ ಯಾಕ ಸುಮ್ನಿದ್ರು?’

2023ರ ಜನವರಿಯಲ್ಲಿ ವಿನೇಶ್ ಫೋಗಟ್, ಸಾಕ್ಷಿ ಮಲಿಕ್ ಮೊದಲಾದ ಕುಸ್ತಿಪಟುಗಳು ಲೈಂಗಿಕ ಕಿರುಕುಳದ ಆರೋಪ ಮಾಡಿ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತರು. ಆಗ ಮೂಡಲಗಿಯ ಚಹಾದಂಗಡಿಯಲ್ಲಿ ನಾನು ಕೇಳಿದ ಮೊದಲ ಮಾತು: “ಇಷ್ಟ ದಿನಾ ಯಾಕ ಸುಮ್ನಿದ್ರು?”

ಬಾಲ್ಯದ ನೋವು ಹೇಳಿಕೊಂಡವರಿಗೂ ಇದೇ ಪ್ರಶ್ನೆ. ತಂಡದ ವೈದ್ಯ ಲ್ಯಾರಿ ನಾಸರ್‌ನ ದೌರ್ಜನ್ಯದ ಬಗ್ಗೆ ಅಮೆರಿಕದ ಜಿಮ್ನಾಸ್ಟ್ ಸಿಮೋನ್ ಬೈಲ್ಸ್ ಬಹಿರಂಗವಾಗಿ ಹೇಳಿದ್ದು 2018ರಲ್ಲಿ, ರಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕು ಚಿನ್ನ ಗೆದ್ದ ಮೇಲೆ. ಅಂಥವರಿಗೇ ವರ್ಷಗಳು ಬೇಕಾದವು. ಇನ್ನು ಹತ್ತು ವರ್ಷದ ಮಗು ಹೇಗೆ ಹೇಳೀತು?

ನಮ್ಮ ಮನೆಮಾತು ಉರ್ದು. ಅಲ್ಲಿ ‘ಇಜ್ಜತ್’ ಎನ್ನುತ್ತೇವೆ, ಕನ್ನಡದಲ್ಲಿ ‘ಮರ್ಯಾದೆ’. ಎರಡೂ ಭಾಷೆಯಲ್ಲಿ ಅದು ಹೋಯಿತೆನ್ನುವುದು ನೋವುಂಡವರದ್ದು, ತಪ್ಪು ಮಾಡಿದವನದ್ದಲ್ಲ.

2007ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ 13 ರಾಜ್ಯಗಳ ಅಧ್ಯಯನದಲ್ಲಿ ಶೇ. 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದಾಗಿ ಹೇಳಿದ್ದರು. ಅವರಲ್ಲಿ ಗಂಡುಮಕ್ಕಳೂ ಇದ್ದರು. ಹೆಚ್ಚಿನವರು ಯಾರಿಗೂ ತಿಳಿಸಿರಲಿಲ್ಲ. ವಾಣಿಜ್ಯ ವಿಭಾಗದವನಾದ ನಾನು ಈ ಲೆಕ್ಕವನ್ನು ನಮ್ಮ ತರಗತಿಗೆ ಹಾಕಿ ನೋಡಿ ಸುಮ್ಮನಾದೆ.

2012ರ ಪೋಕ್ಸೋ ಕಾಯ್ದೆ ಮಗುವಿನ ಗುರುತನ್ನು ಕಾಪಾಡುತ್ತದೆ. ಮಕ್ಕಳ ಸಹಾಯವಾಣಿ 1098 ಇದೆ. ಆದರೆ ಮಗು ಮೊದಲು ನೋಡುವುದು ಎದುರಿಗಿದ್ದವರ ಮುಖವನ್ನು. ನಾಳೆ ಗೆಳೆಯನೊಬ್ಬ ಬಾಯಿ ತೆರೆದರೆ “ಈಗ್ಯಾಕ?” ಎನ್ನದೆ “ಕೂಡ್ರು, ಹೇಳು” ಎನ್ನೋಣ. ಗುರುಗಳಲ್ಲೂ ನನ್ನ ವಿನಂತಿ ಇಷ್ಟೇ.