ಹೃದ್ರೋಗಿಯೂ ಕಾಲಿನ ಕಸುವೂ

ಶಿಕಾರಿಪುರದಲ್ಲಾಗಲಿ ಸೊರಬದಲ್ಲಾಗಲಿ, ಮನೆಯ ಯಜಮಾನರು ಹೃದಯಾಘಾತಕ್ಕೆ ಗುರಿಯಾಗಿ, ಶಿವಮೊಗ್ಗದಲ್ಲಿ ಚಿಕಿತ್ಸೆ ಪಡೆದು ಹಿಂದಿರುಗಿದರೆಂದರೆ ಅಂದಿನಿಂದ ಮನೆಯ ರೀತಿಯೇ ಬದಲಾಗುತ್ತದೆ. ನೀರಿನ ತಂಬಿಗೆ ಅವರು ಕುಳಿತಲ್ಲಿಗೇ ಬರುತ್ತದೆ. ಪೇಟೆಯ ಕೆಲಸ ಮಗನ ಪಾಲಿಗೆ, ಅಡಿಕೆ ತೋಟದ ಉಸ್ತುವಾರಿ ತಮ್ಮನ ಪಾಲಿಗೆ. ಎದ್ದು ನಾಲ್ಕು ಹೆಜ್ಜೆ ಇಟ್ಟರೆ, “ನೀವೇಕೆ ಎದ್ದಿರಿ?” ಎಂಬ ಆಕ್ಷೇಪ. ಎಲ್ಲವೂ ಪ್ರೀತಿಯಿಂದಲೇ ನಡೆಯುತ್ತದೆ. ಆದರೆ ಕೆಲವೇ ತಿಂಗಳಲ್ಲಿ ಈ ಪ್ರೀತಿಯೇ ಅವರನ್ನು ನಿಜವಾದ ಅಶಕ್ತರನ್ನಾಗಿ ಮಾಡಬಲ್ಲದು.

ಈ ಅಂಜಿಕೆಯನ್ನು ಜನರಿಗೆ ಕಲಿಸಿದವರು ವೈದ್ಯರೇ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಹೃದಯಾಘಾತವಾದವನನ್ನು ವಾರಗಟ್ಟಲೆ ಹಾಸಿಗೆಯಿಂದ ಏಳಗೊಡುತ್ತಿರಲಿಲ್ಲ. 1952ರಲ್ಲಿ ಅಮೆರಿಕದ ಸ್ಯಾಮ್ಯುಯಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ ಎಂಬ ವೈದ್ಯರು ಅಂಥ ರೋಗಿಗಳನ್ನು ಬೇಗನೆ ಕುರ್ಚಿಯಲ್ಲಿ ಕುಳ್ಳಿರಿಸುವ ಕ್ರಮವನ್ನು ಪ್ರಕಟಿಸಿದಾಗ ಅದೇ ದೊಡ್ಡ ಸಾಹಸವೆನಿಸಿತು. ಸೋಜಿಗವೆಂದರೆ, ಹದಿನೆಂಟನೆಯ ಶತಮಾನದಲ್ಲಿ ಎದೆಶೂಲೆಯನ್ನು ವರ್ಣಿಸಿದ ಆಂಗ್ಲ ವೈದ್ಯ ವಿಲಿಯಂ ಹೆಬರ್ಡನ್, ಪ್ರತಿದಿನ ಅರ್ಧ ಗಂಟೆ ಗರಗಸದಿಂದ ಮರ ಕೊಯ್ಯುತ್ತಿದ್ದ ರೋಗಿಯೊಬ್ಬ ಬಹುಮಟ್ಟಿಗೆ ಗುಣಹೊಂದಿದನೆಂದು ಬರೆದಿಟ್ಟಿದ್ದ. ಆ ಮಾತು ಪುಸ್ತಕದಲ್ಲಿಯೇ ಉಳಿಯಿತು.

1966ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ ಆರೋಗ್ಯವಂತರಾದ ಐವರು ತರುಣರನ್ನು ಮೂರು ವಾರ ಹಾಸಿಗೆಯಲ್ಲಿ ಮಲಗಿಸಿ ಪರೀಕ್ಷಿಸಲಾಯಿತು. ಆಮ್ಲಜನಕವನ್ನು ಬಳಸಿಕೊಂಡು ದುಡಿಯುವ ಅವರ ಗರಿಷ್ಠ ಸಾಮರ್ಥ್ಯವು ಕಾಲುಭಾಗಕ್ಕೂ ಮಿಗಿಲಾಗಿ ಕುಗ್ಗಿತ್ತು! ಮೂವತ್ತು ವರ್ಷಗಳ ತರುವಾಯ ಅದೇ ಐವರನ್ನು ಮತ್ತೆ ಪರೀಕ್ಷಿಸಿದಾಗ, ಅಷ್ಟು ವರ್ಷಗಳ ವಯಸ್ಸು ಮಾಡಿದ ಹಾನಿಗಿಂತ ಆ ಮೂರು ವಾರಗಳ ಹಾಸಿಗೆ ಮಾಡಿದ ಹಾನಿಯೇ ಹೆಚ್ಚಿನದೆಂದು ಕಂಡುಬಂದಿತು. ತರುಣರ ಗತಿಯೇ ಹೀಗಾದರೆ, ಅರುವತ್ತು ದಾಟಿದ ಹೃದ್ರೋಗಿಯ ಪಾಡೇನು?

ಮೆಟ್ಟಿಲೇರುವಾಗ ಏದುಸಿರು ಬಂದೊಡನೆ ರೋಗಿ ಹೃದಯವನ್ನು ದೂರುತ್ತಾನೆ. ತಪ್ಪು ಹೃದಯದ್ದು ಮಾತ್ರವಲ್ಲ. ಪಂಪು ನೀರೆತ್ತಿದರೂ ಕಾಲುವೆಯಲ್ಲಿ ಹೂಳು ತುಂಬಿದ್ದರೆ ತೋಟದ ಮರಕ್ಕೆ ನೀರು ಮುಟ್ಟದು. ಹಾಗೆಯೇ, ಕೆಲಸವಿಲ್ಲದೆ ಸೊರಗಿದ ತೊಡೆಯ ಸ್ನಾಯುಗಳು ರಕ್ತದಲ್ಲಿ ಬಂದ ಆಮ್ಲಜನಕವನ್ನು ಸರಿಯಾಗಿ ಹೀರಿಕೊಳ್ಳಲಾರವು. ಬೇಗ ದಣಿದು ಉಸಿರಾಟವನ್ನೂ ಕೆರಳಿಸುತ್ತವೆ. ಕ್ರಮವಾದ ವ್ಯಾಯಾಮದಿಂದ, ಹೃದಯದ ಬಲ ಅಷ್ಟಾಗಿ ಹೆಚ್ಚದಿದ್ದರೂ, ಈ ಸ್ನಾಯುಗಳು ಸುಧಾರಿಸುತ್ತವೆ. ನಿನ್ನೆ ನಡೆಯಲಾಗದ ದೂರವನ್ನು ನಾಳೆ ನಡೆಯಬಹುದು.

ಸ್ನಾಯುಬಲದ ಮಹತ್ವ ಎಷ್ಟೆಂಬುದಕ್ಕೆ 2015ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸಾಕ್ಷಿ. ಭಾರತವೂ ಸೇರಿದಂತೆ 17 ದೇಶಗಳ ಸುಮಾರು 1,40,000 ಜನರ ಕೈಹಿಡಿತದ ಬಲವನ್ನು ಅಳೆದು ನೋಡಲಾಗಿ, ಸಾವಿನ ಸಂಭವವನ್ನು ರಕ್ತದ ಒತ್ತಡಕ್ಕಿಂತಲೂ ಈ ಹಿಡಿತವೇ ಚೆನ್ನಾಗಿ ಸೂಚಿಸಿತು. ಇದನ್ನು ಓದಿ ರಬ್ಬರ್ ಚೆಂಡು ಹಿಸುಕುತ್ತ ಕೂರುವುದರಲ್ಲಿ ಹುರುಳಿಲ್ಲ. ಕೈಹಿಡಿತವು ಇಡೀ ಶರೀರದ ಬಲಕ್ಕೆ ಹಿಡಿದ ಕನ್ನಡಿಯಷ್ಟೆ.

ವೈದ್ಯರ ಒಪ್ಪಿಗೆ ದೊರೆತ ಮೇಲೆ ಆರಂಭಿಸಲು ಖರ್ಚೇನೂ ಇಲ್ಲ. ಶಿಕಾರಿಪುರದವರಿಗೆ ಹುಚ್ಚರಾಯಸ್ವಾಮಿ ಕೆರೆಯ ಕಡೆ, ಸೊರಬದವರಿಗೆ ಊರ ಹೊರಗಿನ ಸಮತಟ್ಟಾದ ರಸ್ತೆಯಲ್ಲಿ, ಮೊದಲು ಐದು ನಿಮಿಷದ ನಡಿಗೆ ಸಾಕು. ವಾರ ವಾರವೂ ತುಸು ಹೆಚ್ಚಿಸಬಹುದು. ನಡೆಯುತ್ತಲೇ ಜೊತೆಯವರೊಡನೆ ಮಾತನಾಡಲು ಸಾಧ್ಯವಾಗಬೇಕು. ಮಾತು ತುಂಡಾದರೆ ವೇಗ ಹೆಚ್ಚಾಯಿತೆಂದೇ ಅರ್ಥ. ಮಲೆನಾಡ ಮಳೆಗಾಲದಲ್ಲಿ ಜಗಲಿಯ ಉದ್ದಕ್ಕೆ ತಿರುಗಿದರೂ ಆದೀತು. ಕಾಲಿಗೆ ಬಲ ಬರಲು ಕೈಯೂರದೆ ಕುರ್ಚಿಯಿಂದ ಏಳುವುದು, ಕೂರುವುದು ಉತ್ತಮ, ಉಸಿರು ಬಿಗಿಹಿಡಿಯಬಾರದು. ಊಟವಾದೊಡನೆ ಬೇಡ. ಎದೆ ನೋವು, ತಲೆ ಸುತ್ತು, ಎದೆಬಡಿತದ ಏರುಪೇರು ಕಂಡರೆ ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ನೋವು ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆ ಸೇರಬೇಕು. ಕುಳಿತಲ್ಲಿಯೇ ಎದೆ ನೋಯುವವರಿಗೂ, ಹೃದಯದ ಕವಾಟ ತೀರ ಕಿರಿದಾದವರಿಗೂ ಈ ಸಲಹೆ ಸಲ್ಲದು.

ಆರು ನಿಮಿಷದಲ್ಲಿ ರೋಗಿ ಎಷ್ಟು ಮೀಟರು ನಡೆಯುತ್ತಾನೆಂದು ಅಳೆಯುವ ಪರೀಕ್ಷೆಯೊಂದುಂಟು. ಅದಕ್ಕೆ ಬೇಕಾದುದು ಮೂವತ್ತು ಮೀಟರಿನ ಒಂದು ಪಡಸಾಲೆ, ಒಂದು ಗಡಿಯಾರ. ಚಂದ್ರಗುತ್ತಿಯ ಗುಡ್ಡವೇರಿ ರೇಣುಕಾಂಬೆಯ ದರ್ಶನ ಮಾಡಬೇಕೆನ್ನುವ ಹಿರಿಯರು, ಮೊದಲು ವೈದ್ಯರ ಮುಂದೆ ಈ ಆರು ನಿಮಿಷ ನಡೆದು ತೋರಿಸಲಿ.