ಹಿತ್ತಲ ಗಿಡದ ಗುರುತು

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಕೇಳುತ್ತಲೇ ನಾವೆಲ್ಲ ಬೆಳೆದವರು. ಕೈಗೆಟಕುವ ವಸ್ತುವಿಗೆ ಬೆಲೆಯಿಲ್ಲ ಎಂಬುದು ಅದರ ತಾತ್ಪರ್ಯ. ಆದರೆ ಆ ಗಾದೆ ಕಟ್ಟಿದವರಿಗೆ ಹಿತ್ತಲಲ್ಲಿರುವ ಗಿಡ ಯಾವುದೆಂಬುದಾದರೂ ತಿಳಿದಿತ್ತು. ಇಂದು ನಮ್ಮ ಮನೆಗಳಲ್ಲಿ ಅಷ್ಟೂ ಉಳಿದಂತೆ ಕಾಣುವುದಿಲ್ಲ. ಮಳೆ ಬಿದ್ದೊಡನೆ ಅಂಗಳದ ಬದಿಯಲ್ಲಿ, ಬೇಲಿಯ ಬುಡದಲ್ಲಿ, ತೋಟದ ಕಣಿಯ ಅಂಚಿನಲ್ಲಿ ಚಿಗುರುವ ಗಿಡಗಳಲ್ಲಿ ಹತ್ತನ್ನು ಹೆಸರಿಸಿರೆಂದು ಹೈಸ್ಕೂಲು ಮಕ್ಕಳಿಗೆ ಹೇಳಿದರೆ ಲೆಕ್ಕ ನಾಲ್ಕೈದಕ್ಕೇ ನಿಲ್ಲುತ್ತದೆ. ಉಳಿದುದೆಲ್ಲ ಅವರ ಪಾಲಿಗೆ ಬರಿಯ ಬಲ್ಲೆ.

ಇದು ಎಲ್ಲ ಊರುಗಳ ಕಥೆಯಲ್ಲವೇ ಎಂದು ಯಾರಾದರೂ ಕೇಳಬಹುದು. ಹೌದು. ಆದರೆ ಕಾಸರಗೋಡಿನ ಕನ್ನಡಿಗರಿಗೆ ಇದರಲ್ಲಿ ಬೇರೆಯೇ ಒಂದು ತೊಡಕಿದೆ. ಇಲ್ಲಿ ಒಂದು ಗಿಡಕ್ಕೆ ಕನ್ನಡದಲ್ಲಿ ಒಂದು ಹೆಸರು, ತುಳುವಿನಲ್ಲಿ ಇನ್ನೊಂದು, ಮಲಯಾಳದಲ್ಲಿ ಮತ್ತೊಂದು. ಅಷ್ಟೇ ಆಗಿದ್ದರೆ ಅದನ್ನು ಸಂಪತ್ತೆಂದು ಕರೆಯಬಹುದಿತ್ತು. ಕೆಲವೆಡೆ ಒಂದೇ ಹೆಸರು ಎರಡು ಭಾಷೆಗಳಲ್ಲಿ ಎರಡು ಬೇರೆ ಗಿಡಗಳಿಗೆ ಸಲ್ಲುತ್ತದೆ. ಅಪಾಯವಿರುವುದು ಅಲ್ಲಿ.

ಅರಳಿ ಎಂಬ ಮಾತನ್ನೇ ತೆಗೆದುಕೊಳ್ಳೋಣ. ಕನ್ನಡ ಪಾಠಪುಸ್ತಕ ಓದುವ ಮಗುವಿಗೆ ಅರಳಿಯೆಂದರೆ ಕಟ್ಟೆ ಕಟ್ಟಿ ಪೂಜಿಸುವ ಅಶ್ವತ್ಥ. ಮಲಯಾಳದಲ್ಲಿ ಅಶ್ವತ್ಥಕ್ಕೆ ಅರಯಾಲ್ ಎಂದು ಹೆಸರು. ಅಲ್ಲಿ ಅರಳಿಯೆಂದರೆ ನಮ್ಮ ಕಣಗಿಲೆ. ಕಣಗಿಲೆಯಾದರೋ ಎಲೆಯಿಂದ ಬೇರಿನ ತನಕ ವಿಷ. ಹೊಟ್ಟೆಗೆ ಹೋದರೆ ಹೃದಯದ ಬಡಿತವನ್ನೇ ಕೆಡಿಸುವಂಥದು. ಅರಳಿಯಿಂದ ಸಾವು ಸಂಭವಿಸಿತೆಂಬ ಶಂಕೆ ಎದ್ದ ಬಳಿಕ, 2024ರ ಮೇ ತಿಂಗಳಲ್ಲಿ ತಿರುವಾಂಕೂರು ಮತ್ತು ಮಲಬಾರ್ ದೇವಸ್ವಂ ಬೋರ್ಡುಗಳು ದೇವಸ್ಥಾನಗಳ ನೈವೇದ್ಯ ಹಾಗೂ ಪ್ರಸಾದಗಳಲ್ಲಿ ಅರಳಿ ಹೂ ಬಳಸಬಾರದೆಂದು ತೀರ್ಮಾನಿಸಿದವು. ಯೋಗ್ಯವಾದ ತೀರ್ಮಾನವೇ. ಆದರೆ ಇಂಥ ಎಚ್ಚರಿಕೆ ಮಲಯಾಳದಲ್ಲಿ ಮಾತ್ರ ಬಂದರೆ, ಅಥವಾ ಅದೇ ಹೆಸರನ್ನು ಕನ್ನಡ ಲಿಪಿಗೆ ಇಳಿಸಿ ಬಿಟ್ಟರೆ, ಕನ್ನಡದ ಮನೆಯಲ್ಲಿ ಏನಾದೀತು? ಪಾಪದ ಅಶ್ವತ್ಥದ ಮೇಲೆ ಅನುಮಾನ ಬಿದ್ದೀತು. ಅಂಗಳದ ಮೂಲೆಯಲ್ಲಿ ಹೂ ಬಿಟ್ಟು ನಿಂತ ಕಣಗಿಲೆಯತ್ತ ಯಾರ ದೃಷ್ಟಿಯೂ ಹೋಗದು.

ಬ್ರಾಹ್ಮಿಯ ವಿಷಯವೂ ಹಾಗೆಯೇ. ನಮ್ಮಲ್ಲಿ ತಂಬುಳಿಗೆ ಕೊಯ್ಯುವ ಒಂದೆಲಗವನ್ನು, ತುಳುವಿನ ತಿಮರೆಯನ್ನು, ಬ್ರಾಹ್ಮಿ ಎನ್ನುವವರು ಬಹಳ ಮಂದಿ. ಕೇರಳದ ವೈದ್ಯರು ಬ್ರಾಹ್ಮಿ ಎಂದು ಬರೆದುಕೊಟ್ಟರೆ ಅದು ನೀರಿನ ಪಸೆಯಲ್ಲಿ ಹಬ್ಬುವ, ಸಣ್ಣ ದಪ್ಪ ಎಲೆಯ ಬೇರೊಂದು ಗಿಡ. ಎರಡರಲ್ಲಿ ಯಾವುದೂ ವಿಷವಲ್ಲ, ನಿಜ. ಆದರೆ ಮದ್ದಿಗೆಂದು ಒಂದನ್ನು ಹೇಳಿ ಇನ್ನೊಂದನ್ನು ಅರೆದರೆ ಫಲವೇನು?

ಎಲ್ಲಕ್ಕಿಂತ ದೊಡ್ಡ ಉದಾಹರಣೆ ನಮ್ಮ ಊರಿನ ಹೆಸರಿನಲ್ಲೇ ಇದೆ. ಕಾಸರಕದ ಮರಗಳು ತುಂಬಿದ್ದುದರಿಂದ ಕಾಸರಗೋಡೆಂಬ ಹೆಸರು ಬಂತೆಂಬುದು ಪ್ರಚಲಿತವಾದ ಅಭಿಪ್ರಾಯಗಳಲ್ಲಿ ಒಂದು. ತುಳುವರಿಗೆ ಅದು ಕಾಯೆರ್, ಮಲಯಾಳಿಗಳಿಗೆ ಕಾಞಿರ. 2023ರಲ್ಲಿ ಜಿಲ್ಲೆಗೊಂದು ಮರ, ಒಂದು ಹೂ, ಒಂದು ಹಕ್ಕಿಯನ್ನು ಅಧಿಕೃತವಾಗಿ ಘೋಷಿಸಿದಾಗ ಮರದ ಪಟ್ಟ ಸಿಕ್ಕಿದ್ದು ಈ ಕಾಞಿರಕ್ಕೇ. ಸುದ್ದಿ ಓದಿದ ನಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಇದು ಹಿತ್ತಲಾಚೆಯ ಕಾಸರಕವೇ ಎಂದು ಹೊಳೆದಿರಬಹುದು?

ಕಾಸರಕದ ಗುರುತು ತಿಳಿದಿರಲೇಬೇಕಾದ ದಿನವೊಂದು ವರ್ಷಕ್ಕೊಮ್ಮೆ ಬರುತ್ತದೆ. ಆಟಿ ಅಮಾವಾಸ್ಯೆಯ ನಸುಕಿನಲ್ಲಿ ಹಾಲೆ ಮರದ ಕೆತ್ತೆ ತಂದು ಕಷಾಯ ಮಾಡಿ ಕುಡಿಯುವ ಕ್ರಮ ಇಲ್ಲಿನ ಅನೇಕ ಮನೆಗಳಲ್ಲಿದೆ. ಕತ್ತಲಲ್ಲಿ ಹೋಗಿ ಕಲ್ಲಿನಿಂದ ಜಜ್ಜಿ ತೆಗೆಯುವ ಈ ಕೆತ್ತೆ ಹಾಲೆಯದಾಗದೆ ಕಾಸರಕದ್ದಾದರೆ ಅದು ಕಷಾಯವಲ್ಲ, ಪ್ರಾಣಕ್ಕೇ ಎರವಾಗುವ ವಿಷ. ರುಚಿ ನೋಡಿ ತಿಳಿಯುವಂತಿಲ್ಲ. ಎರಡೂ ಕಡು ಕಹಿ. ಹಗಲಲ್ಲಿ ನೋಡಿದರೆ ಮಾತ್ರ ವ್ಯತ್ಯಾಸ ಸ್ಪಷ್ಟ. ಹಾಲೆಯ ಎಲೆಗಳು ಒಂದೇ ಗೆಣ್ಣಿನ ಸುತ್ತ ಕೊಡೆಯ ಕಡ್ಡಿಗಳಂತೆ ಹರಡಿರುತ್ತವೆ, ಗೀರಿದರೆ ಬಿಳಿ ಹಾಲು ಒಸರುತ್ತದೆ. ಕಾಸರಕದ ಎಲೆಗಳು ಎರಡೆರಡಾಗಿ ಎದುರುಬದುರು, ಹೊಳೆಯುವ ಎಲೆಯಲ್ಲಿ ಬುಡದಿಂದಲೇ ಹೊರಟ ಮೂರೋ ಐದೋ ನರಗಳು ಎದ್ದು ಕಾಣುತ್ತವೆ, ಹಾಲು ಬರುವುದಿಲ್ಲ, ಕಾಯಿ ಉರುಟಾಗಿ ಹಣ್ಣಾದಾಗ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಒಳಗಿನ ಬೀಜ ಅಂಗಿಯ ಗುಬ್ಬಿಯಂತೆ ಚಪ್ಪಟೆ. ಹಾಲು ಬರುವ ವಿಷದ ಗಿಡಗಳೂ ಇರುವುದರಿಂದ ಹಾಲೊಂದನ್ನೇ ನಂಬುವಂತಿಲ್ಲ, ಎಲೆಯನ್ನೂ ನೋಡಬೇಕು. ಹಿಂದಿನ ದಿನವೇ ಬಲ್ಲವರೊಡನೆ ಹೋಗಿ ಮರವನ್ನು ಗುರುತು ಮಾಡಿ ಬರುವುದು ಕ್ಷೇಮ. ಸಂದೇಹ ಉಳಿದರೆ ಆ ವರ್ಷ ಕಷಾಯವೇ ಬೇಡ.

ಹಾಲೆಗೆ ಮಲಯಾಳದಲ್ಲಿ ಏಳಿಲಂಪಾಲ ಎಂದು ಹೆಸರು, ಅಂದರೆ ಏಳು ಎಲೆಯ ಹಾಲೆ. ಸಂಸ್ಕೃತದ ಸಪ್ತಪರ್ಣಕ್ಕೂ ಅದೇ ಅರ್ಥ. ನಮ್ಮ ಹಾಲೆಯೆಂಬ ಹೆಸರು ಕೇಳಿದೊಡನೆ ನೆನಪಾಗುವುದು ಹಾಲು. ಮೂರನ್ನೂ ಬಲ್ಲವನಿಗೆ ಎಲೆಯ ಗುರುತೂ ಹಾಲಿನ ಗುರುತೂ ಹೆಸರಿನಲ್ಲೇ ಸಿಕ್ಕಿತು. ಒಂದೆಲಗ, ನೆಲನೆಲ್ಲಿ, ಮುಟ್ಟಿದರೆ ಮುನಿ ಇವೆಲ್ಲವೂ ಹೀಗೆ ಗುರುತನ್ನೇ ಹೆಸರಾಗಿಸಿದ ಮಾತುಗಳು. ಅಮೆರಿಕ ಖಂಡದಿಂದ ಬಂದು ನಮ್ಮ ಗುಡ್ಡೆಗಳನ್ನು ಮುಚ್ಚಿದ ಗಿಡಕ್ಕೂ ಜನ ಕಮ್ಯುನಿಸ್ಟ್ ಪಚ್ಚ ಎಂದು ಹೆಸರಿಟ್ಟು ಗುರುತಿಸಿದರು. ಹೊಸಬನಿಗೆ ಹೆಸರು ಸಿಕ್ಕಿತು, ತಲೆಮಾರುಗಳಿಂದ ಇದ್ದವಕ್ಕೆ ಇದ್ದ ಹೆಸರೇ ಮರೆಯುತ್ತಿದೆ. ಈಗ ಫೋನನ್ನು ಗಿಡದ ಮುಂದೆ ಹಿಡಿದರೆ ಹೆಸರು ಬರುತ್ತದೆಂದು ಯುವಕರು ಹೇಳುತ್ತಾರೆ. ಕುತೂಹಲಕ್ಕೆ ಅದು ಒಳ್ಳೆಯದೇ. ಆದರೆ ಅದು ತಪ್ಪುವುದೂ ಉಂಟು. ಅದನ್ನೇ ನಂಬಿ ಯಾವ ಎಲೆಯನ್ನೂ ಬಾಯಿಗೆ ಹಾಕಬಾರದು.

ಮುನ್ನೂರೈವತ್ತು ವರ್ಷಗಳ ಹಿಂದೆ ಕೊಚ್ಚಿಯಲ್ಲಿದ್ದ ಡಚ್ಚರ ಅಧಿಕಾರಿ ವಾನ್ ರೀಡ್ ಮಲಬಾರಿನ ಸಸ್ಯಗಳ ಬಗ್ಗೆ ಗ್ರಂಥ ಮಾಡಹೊರಟಾಗ ಇಟ್ಟಿ ಅಚ್ಯುತನ್ ಎಂಬ ನಾಡವೈದ್ಯನ ಬಳಿಗೂ ರಂಗ ಭಟ್, ವಿನಾಯಕ ಪಂಡಿತ, ಅಪ್ಪು ಭಟ್ ಎಂಬ ಕೊಂಕಣಿ ವೈದ್ಯರ ಬಳಿಗೂ ಹೋದ. 1678ರಿಂದ 1693ರ ವರೆಗೆ ಆಂಸ್ಟರ್‌ಡಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ 'ಹೋರ್ತುಸ್ ಮಲಬಾರಿಕುಸ್'ನಲ್ಲಿ ಗಿಡಗಳ ಚಿತ್ರಗಳೊಂದಿಗೆ ಇಲ್ಲಿಯ ಹೆಸರುಗಳೂ ಇಲ್ಲಿಯ ಲಿಪಿಗಳಲ್ಲೇ ಉಳಿದುಕೊಂಡವು. ಪರದೇಶದವನಿಗೆ ಸ್ಥಳೀಯ ಹೆಸರಿನ ಬೆಲೆ ತಿಳಿದಿತ್ತು ಎಂಬುದನ್ನು ನಾವು ನೆನೆಯಬೇಕು.

ಆಗಬೇಕಾದ ಕೆಲಸ ದೊಡ್ಡದೇನಲ್ಲ. ನಮ್ಮ ಕನ್ನಡ ಮಾಧ್ಯಮ ಶಾಲೆಗಳು ಒಂದೊಂದು ಗಿಡದ ಪುಸ್ತಕವನ್ನು ಆರಂಭಿಸಲಿ. ಮಕ್ಕಳು ಹೂವೋ ಕಾಯಿಯೋ ಇರುವ ಗೆಲ್ಲನ್ನು ಹಳೆಯ ಪತ್ರಿಕೆಯ ನಡುವೆ ಒತ್ತಿಟ್ಟು ಒಣಗಿಸಲಿ. ಸಿಕ್ಕಿದ ಸ್ಥಳ, ದಿನಾಂಕ, ಎಲೆಯ ಜೋಡಣೆ, ಹಾಲು ಇದೆಯೋ ಇಲ್ಲವೋ ಎಂಬುದನ್ನು ಬರೆಯಲಿ. ಅಜ್ಜಿಯನ್ನೂ ತೋಟದ ಕೆಲಸದವರನ್ನೂ ನೆರೆಮನೆಯ ಮಲಯಾಳಿ ಚೇಚಿಯನ್ನೂ ಕೇಳಿ ಕನ್ನಡ, ತುಳು, ಮಲಯಾಳ ಹೆಸರುಗಳನ್ನು ಸಾಲಾಗಿ ದಾಖಲಿಸಲಿ. ಹವ್ಯಕ, ಕರಾಡ, ಕೊಂಕಣಿ, ಬ್ಯಾರಿ ಮನೆಗಳ ಹೆಸರುಗಳಿದ್ದರೆ ಅವೂ ಸೇರಲಿ. ವಿಷದ ಗಿಡಗಳಿಗೆ ಕೆಂಪು ಶಾಯಿಯ ಗೆರೆ ಬೀಳಲಿ.

2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪಂಚಾಯತುಗಳಲ್ಲಿ ಜನತಾ ಜೀವವೈವಿಧ್ಯ ದಾಖಲೆ ಇರಬೇಕು. ಕನ್ನಡಿಗರು ಹೆಚ್ಚಾಗಿರುವ ಪಂಚಾಯತುಗಳಲ್ಲಿ ಅದರೊಳಗೆ ಕನ್ನಡ, ತುಳು ಹೆಸರುಗಳೂ ಇರಬೇಕೆಂದು ನಮ್ಮ ಸದಸ್ಯರು ಒತ್ತಾಯಿಸಲಿ. ಆರೋಗ್ಯ ಇಲಾಖೆ ವಿಷಸಸ್ಯಗಳ ಬಗ್ಗೆ ಪ್ರಕಟಣೆ ಹೊರಡಿಸುವಾಗ ಕನ್ನಡದಲ್ಲಿಯೂ ಹೊರಡಿಸಲಿ, ಮತ್ತು ಹೆಸರನ್ನು ಲಿಪಿ ಬದಲಿಸಿ ಬರೆಯದೆ ಇಲ್ಲಿನ ಕನ್ನಡಿಗರು ಬಳಸುವ ಹೆಸರಿನಲ್ಲೇ ಹೇಳಲಿ. ಭಾಷಾ ಅಲ್ಪಸಂಖ್ಯಾತರ ಹಕ್ಕೆಂದರೆ ಅರ್ಜಿ ನಮೂನೆ ಮತ್ತು ನಾಮಫಲಕಗಳಿಗೆ ಮುಗಿಯುವ ಮಾತಲ್ಲ. ಯಾವ ಎಲೆ ತಿನ್ನಬಾರದೆಂಬುದನ್ನು ತನ್ನ ಮಾತಿನಲ್ಲಿ ತಿಳಿಯುವುದೂ ಅದರಲ್ಲಿ ಸೇರಿದೆ.

ಸರಕಾರದ ಕೆಲಸ ಸರಕಾರ ಮಾಡಲಿ. ಅದಕ್ಕಾಗಿ ಕಾಯದೆ ಮನೆಯವರು ಮಾಡಬಹುದಾದುದೂ ಇದೆ. ಮುಂದಿನ ಆಟಿ ಅಮಾವಾಸ್ಯೆಗೆ ಮೊದಲು ಒಂದು ಆದಿತ್ಯವಾರ ಮಕ್ಕಳನ್ನು ಕರೆದುಕೊಂಡು ಗುಡ್ಡೆಗೆ ಹೋಗಿ ಹಾಲೆ ಯಾವುದು, ಕಾಸರಕ ಯಾವುದು ಎಂದು ತೋರಿಸಿ ಬನ್ನಿರೆಂದು ನಾವು ಓದುಗರನ್ನು ವಿನಂತಿಸುತ್ತೇವೆ. ತೋರಿಸಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ.