ಸರ್ವರ್ ಎಲ್ಲೇ ಇರಲಿ, ಕೀಲಿ ಯಾರ ಕೈಯಲ್ಲಿ?

ಪಹಣಿಗೋ ಜಾತಿ ಪ್ರಮಾಣಪತ್ರಕ್ಕೋ ಸಾಲಿನಲ್ಲಿ ನಿಂತವರಿಗೆಲ್ಲ ‘ಸರ್ವರ್ ಡೌನ್’ ಎಂಬ ಮಾತು ಗೊತ್ತು. 2000ದ ಸುಮಾರಿಗೆ ‘ಭೂಮಿ’ ಯೋಜನೆ ಶುರುವಾದಾಗ ಪಹಣಿಗಳು ಆಯಾ ತಾಲ್ಲೂಕು ಕಚೇರಿಯ ಕಂಪ್ಯೂಟರಿನಲ್ಲೇ ಇದ್ದವು. ಆಮೇಲೆ ಎಲ್ಲವೂ ಬೆಂಗಳೂರಿನ ದತ್ತಾಂಶ ಕೇಂದ್ರಕ್ಕೆ ಹೋದವು. ಹಳಿಯಾಳದ ರೈತ ಈಗ ಬೇರೆ ಊರಿನಲ್ಲಿದ್ದರೂ ಪಹಣಿ ಪಡೆಯಬಹುದು. ಆದರೆ ನಡುವಿನ ಲೈನ್ ಹೋದರೆ ಎದುರಿಗಿರುವ ಕಂಪ್ಯೂಟರ್ ಬರೀ ಪೆಟ್ಟಿಗೆ.

ಇದೇ ಪ್ರಶ್ನೆ ಈಗ ಉದ್ದಿಮೆಗಳ ಮುಂದಿದೆ. ಇ-ಮೇಲ್, ಎಲ್ಲರೂ ಸೇರಿ ತಿದ್ದುವ ಕಡತ, ವಿಡಿಯೊ ಸಭೆ ಇವುಗಳ ತಂತ್ರಾಂಶವನ್ನು ಕ್ಲೌಡ್‌ನಲ್ಲಿ ಚಂದಾ ಕಟ್ಟಿ ಬಳಸಬೇಕೆ, ಇಲ್ಲವೇ ಕಚೇರಿಯಲ್ಲೇ ಸರ್ವರ್ ಇಟ್ಟುಕೊಳ್ಳಬೇಕೆ?

2025ರ ಜುಲೈನಲ್ಲಿ ಗುಜರಾತಿನ ವಾಡಿನಾರ್ ತೈಲ ಸಂಸ್ಕರಣಾಗಾರದ ಒಡೆತನದ ನಯಾರಾ ಎನರ್ಜಿಗೆ ಮೈಕ್ರೋಸಾಫ್ಟ್ ಇದ್ದಕ್ಕಿದ್ದಂತೆ ಔಟ್‌ಲುಕ್, ಟೀಮ್ಸ್ ಸೇವೆ ನಿಲ್ಲಿಸಿತು. ರಷ್ಯಾದ ರಾಸ್‌ನೆಫ್ಟ್ ಪಾಲು ಇರುವ ಈ ಕಂಪನಿಯ ಮೇಲೆ ನಿರ್ಬಂಧ ಹೇರಿದ್ದು ಐರೋಪ್ಯ ಒಕ್ಕೂಟ, ಭಾರತವಲ್ಲ. ಕಂಪನಿ ದೆಹಲಿ ಹೈಕೋರ್ಟಿಗೆ ಹೋದ ಮೇಲೆ ಸೇವೆ ಮರಳಿತು. ಹಣ ಕಟ್ಟಿದ್ದರೂ ಕೀಲಿ ಬೇರೆಯವರ ಕೈಯಲ್ಲಿತ್ತು.

ಹಾಗಾದರೆ ಸ್ವಂತ ಸರ್ವರೇ ಕ್ಷೇಮ ಎನ್ನಲೂ ಆಗದು. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳಿಗೆ ರ್‍ಯಾನ್ಸಮ್‌ವೇರ್ ಹೊಕ್ಕಿ, ಸುಮಾರು ಎರಡು ವಾರ ಕೆಲಸವೆಲ್ಲ ಕಾಗದ, ಪೆನ್ನಿನಲ್ಲಿ ನಡೆಯಿತು. ಮುಂಡಗೋಡಿನ ಟಿಬೆಟನ್ ಶಿಬಿರದವರಿಗೆ ಇಂಥದ್ದು ಹೊಸತಲ್ಲ. ಧರ್ಮಶಾಲಾದ ದಲೈಲಾಮಾ ಕಚೇರಿಯ ಕಂಪ್ಯೂಟರುಗಳಿಗೇ ಗೂಢಚಾರಿ ತಂತ್ರಾಂಶ ಸೇರಿದ್ದು 2009ರಲ್ಲಿ ಬಯಲಾಗಿತ್ತು. ಅದರ ದಾರಿ ಇ-ಮೇಲ್ ಜತೆ ಬರುವ ಕಡತ!

ನಮ್ಮ ಕಡೆಗೆ ಬರೋಣ. ದಾಂಡೇಲಿಯ ಕಾಗದ ಕಾರ್ಖಾನೆಯಂಥ ದೊಡ್ಡ ಉದ್ದಿಮೆ ಸರ್ವರ್ ನೋಡಿಕೊಳ್ಳಲು ಜನರನ್ನು ಇಟ್ಟುಕೊಳ್ಳಬಲ್ಲದು. ಜೊಯಿಡಾದ ಗಣೇಶಗುಡಿಯ ಒಂದು ಹೋಂ ಸ್ಟೇ ಊಹಿಸಿಕೊಳ್ಳಿ. ಬುಕಿಂಗ್ ಪಟ್ಟಿಯನ್ನು ಮಾಲೀಕರೂ ಹುಬ್ಬಳ್ಳಿಯ ಏಜೆಂಟರೂ ಒಟ್ಟಿಗೆ ನೋಡಬೇಕು. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಯಿತು. ಪಟ್ಟಿ ಕ್ಲೌಡ್‌ನಲ್ಲಷ್ಟೇ ಇದ್ದರೆ, ಸಂಜೆ ಬಾಗಿಲಿಗೆ ಬಂದ ಅತಿಥಿ ಯಾವ ಕೋಣೆಯವರೆಂದು ಮಾಲೀಕರಿಗೆ ತಿಳಿಯದು. ಮನೆಯ ಸರ್ವರಿನಲ್ಲಷ್ಟೇ ಇದ್ದರೆ ಏಜೆಂಟರು ಅದೇ ಕೋಣೆಯನ್ನು ಮತ್ತೊಬ್ಬರಿಗೆ ಕೊಟ್ಟಿರುತ್ತಾರೆ. ಯುಪಿಎಸ್ ಎಷ್ಟು ಹೊತ್ತು ತಡೆದೀತು? ಇಂಥವರಿಗೆ ಕ್ಲೌಡ್ ಸೇವೆಯೇ ಸರಿ ಎಂದು ನನ್ನ ಅನಿಸಿಕೆ. ಆದರೆ ಅದರ ಪ್ರತಿ ಲ್ಯಾಪ್‌ಟಾಪಿನಲ್ಲೂ ತಾನಾಗಿ ಉಳಿಯುವಂತಿರಬೇಕು, ವಾರಕ್ಕೊಮ್ಮೆ ಹಾರ್ಡ್ ಡಿಸ್ಕಿಗೂ ಇಳಿಯಬೇಕು. ಸರ್ವರ್ ಇಡುವ ಶಕ್ತಿ ಇದ್ದವರಿಗೆ ನೆಕ್ಸ್ಟ್‌ಕ್ಲೌಡ್‌ನಂಥ ಮುಕ್ತ ತಂತ್ರಾಂಶಗಳಿವೆ. ಪರವಾನಗಿ ಶುಲ್ಕವಿಲ್ಲ, ಖರ್ಚೆಲ್ಲ ಯಂತ್ರಕ್ಕೆ ಮತ್ತು ಅದನ್ನು ನೋಡಿಕೊಳ್ಳುವವರ ಸಂಬಳಕ್ಕೆ.

ಕೇಂದ್ರ ಸರ್ಕಾರವೂ ಸುಮಾರು 12 ಲಕ್ಷ ನೌಕರರ ಇ-ಮೇಲನ್ನು ಜೊಹೊ ವೇದಿಕೆಗೆ ಒಯ್ದಿದೆ. ಕಚೇರಿಗೊಂದು ಸರ್ವರ್ ಇಡಲಿಲ್ಲ, ಆರಿಸಿಕೊಂಡದ್ದು ದೇಶದೊಳಗಿನ ಕಂಪನಿಯನ್ನು.

ಹಳಿಯಾಳ, ದಾಂಡೇಲಿಯಲ್ಲಿ ಡಿಪ್ಲೊಮಾ, ಎಂಜಿನಿಯರಿಂಗ್ ಓದುವವರು ಕ್ಲೌಡ್ ಸರ್ಟಿಫಿಕೇಟುಗಳ ಹಿಂದೆ ಓಡುತ್ತಿದ್ದಾರೆ. ಒಳ್ಳೆಯದೇ. ಆದರೆ ಸಂದರ್ಶನದಲ್ಲಿ ‘ಬ್ಯಾಕಪ್‌ನಿಂದ ಒಂದು ಕಡತವನ್ನಾದರೂ ಮರಳಿ ತಂದು ತೆರೆದು ನೋಡಿದ್ದೀಯಾ?’ ಎಂದು ಕೇಳಿದರೆ ಎಷ್ಟು ಮಂದಿ ಹೌದೆನ್ನುತ್ತೇವೆ?